ಹಳೆಯ ಡೀಸೆಲ್ ಕಾರು ಎಳೆಯುತ್ತಿಲ್ಲವೆಂದರೆ ಟರ್ಬೊ ಬದಲಿಸುವ ಮೊದಲು ಏನೇನು ನೋಡಬೇಕು?

ಪ್ರಶ್ನೆ:

ನಮಸ್ಕಾರ ಸರ್. ನನ್ನದು ಹನ್ನೆರಡು ವರ್ಷ ಹಳೆಯ ಕಾಮನ್ ರೈಲ್ ಟರ್ಬೊ ಡೀಸೆಲ್ ಕಾರು. ಸುಮಾರು 1,60,000 ಕಿ.ಮೀ. ಓಡಿದೆ. ಇತ್ತೀಚೆಗೆ ಏರುದಾರಿಯಲ್ಲಿ ಪಿಕಪ್ ಇಲ್ಲವೇ ಇಲ್ಲ ಎನ್ನುವಂತಾಗಿದೆ. ಮೂರನೇ ಗೇರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೂ ಇಂಜಿನ್ 2,500 ಆರ್‌ಪಿಎಂ ದಾಟುವುದಿಲ್ಲ, ಹಿಂದೆ ಕಪ್ಪು ಹೊಗೆ ಬರುತ್ತದೆ, ಕೊನೆಗೆ ಇಂಜಿನ್ ದೀಪ ಹತ್ತಿಕೊಳ್ಳುತ್ತದೆ. ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಮೊದಲಿಗಿಂತ ವಾಸಿ ಎನ್ನುವಷ್ಟು ಎಳೆಯುತ್ತದೆ. ಗ್ಯಾರೇಜಿನವರು ಏನನ್ನೂ ಬಿಚ್ಚಿ ನೋಡದೆ, ಟರ್ಬೊ ಹೋಗಿದೆ, ಬದಲಿಸಲೇಬೇಕು ಎನ್ನುತ್ತಿದ್ದಾರೆ. ಒಪ್ಪಿಕೊಳ್ಳಬಹುದೇ?

ಉತ್ತರ:

ಸದ್ಯಕ್ಕೆ ಒಪ್ಪಬೇಡಿ. ನೀವು ಹೇಳಿದ ಲಕ್ಷಣಗಳಲ್ಲಿ ನನ್ನ ಗಮನ ಸೆಳೆದದ್ದು, ಮತ್ತೆ ಸ್ಟಾರ್ಟ್ ಮಾಡಿದೊಡನೆ ಎಳೆತ ಮರಳುತ್ತದೆ ಎಂಬ ಸಂಗತಿ. ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊದ ಬೇರಿಂಗ್ ಸವೆದಿದ್ದರೆ ಅಥವಾ ರೆಕ್ಕೆ ಮುರಿದಿದ್ದರೆ ಅದು ಕೀ ತಿರುಗಿಸಿದ ಮಾತ್ರಕ್ಕೆ ಸರಿಹೋಗುವುದಿಲ್ಲ. ಸೆನ್ಸರ್ ಕೊಡುವ ಅಳತೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವಿನ ಲೆಕ್ಕಕ್ಕೆ ಹೊಂದದೆ ಹೋದಾಗ, ಇಂಜಿನ್ನಿಗೆ ಹಾನಿಯಾಗದಿರಲೆಂದು ಅದು ಡೀಸೆಲನ್ನೂ ಟರ್ಬೊ ಒತ್ತಡವನ್ನೂ ತಗ್ಗಿಸಿಬಿಡುತ್ತದೆ. ಲಿಂಪ್ ಮೋಡ್ ಎನ್ನುವುದು ಇದನ್ನೇ. ಹಾಗಾಗಿ ಇಸಿಯು ಎಷ್ಟು ಗಾಳಿ, ಎಷ್ಟು ಡೀಸೆಲ್ ಒತ್ತಡ ಕೇಳಿತು, ಅದರಲ್ಲಿ ಎಷ್ಟು ಸಿಕ್ಕಿತು ಎಂಬುದನ್ನು ಮೊದಲು ತಿಳಿಯಬೇಕು. ಅದು ತಿಳಿಯದೆ ಯಾವ ಭಾಗವನ್ನು ಬದಲಿಸಿದರೂ ಅದು ಊಹೆಯ ಕೆಲಸವೇ.

ಇಸಿಯು ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ, ಕೋಡ್ ಅಳಿಸುವ ಮೊದಲು ಬರೆದುಕೊಳ್ಳಿ. ಪಿ0299 ಎಂದರೆ ಟರ್ಬೊ ಒತ್ತಡ ಬೇಕಾದುದಕ್ಕಿಂತ ಕಡಿಮೆ, ಪಿ0234 ಎಂದರೆ ಮಿತಿ ಮೀರಿದೆ, ಪಿ0087 ಎಂದರೆ ರೈಲಿನಲ್ಲಿ, ಅಂದರೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳಿಗೆ ಅದನ್ನು ಹಂಚುವ ಕೊಳವೆಯಲ್ಲಿ, ಡೀಸೆಲ್ ಒತ್ತಡ ಸಾಲುತ್ತಿಲ್ಲ ಎಂದು ಅರ್ಥ. ಈ ಮೂರಕ್ಕೂ ಚಾಲಕನಿಗೆ ಅನುಭವವಾಗುವುದು ಒಂದೇ, ಗಾಡಿ ಎಳೆಯುವುದಿಲ್ಲ ಎಂಬುದು. ಆದರೆ ಕಾರಣಗಳು ಬೇರೆ ಬೇರೆ. ಕೋಡ್ ನೋಡಿದ ಮೇಲೆ, ಇನ್ನೊಬ್ಬರು ಗಾಡಿ ಓಡಿಸುತ್ತಿರುವಾಗ ಏರಿನಲ್ಲಿ ಪೂರ್ತಿ ಆಕ್ಸಿಲರೇಟರಿಗೆ ಬರುವ ಅಂಕಿಗಳನ್ನು ದಾಖಲಿಸಬೇಕು. ನಿಂತಲ್ಲೇ ರೇಸ್ ಮಾಡಿ ನೋಡಿದರೆ ಪ್ರಯೋಜನವಿಲ್ಲ. ಭಾರ ಬೀಳದೆ ಟರ್ಬೊ ಪೂರ್ತಿ ಒತ್ತಡ ಕಟ್ಟುವುದಿಲ್ಲ.

ಸೆನ್ಸರನ್ನೇ ನಂಬಬಹುದೇ ಎಂದು ತಿಳಿಯಲು ಸುಲಭವಾದ ದಾರಿಯೊಂದಿದೆ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದಾಗ ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ವಾತಾವರಣದ ಒತ್ತಡವನ್ನೇ ತೋರಿಸಬೇಕು: ಸಮುದ್ರಮಟ್ಟದಲ್ಲಿ ಸುಮಾರು 1,000 ಮಿಲಿಬಾರ್, ಸಾವಿರ ಮೀಟರ್ ಎತ್ತರದಲ್ಲಿ ಸುಮಾರು 900. ಅದಕ್ಕೆ ದೂರವಾದ ಅಂಕಿ ಬಂದರೆ ಸೆನ್ಸರನ್ನು ಮೊದಲು ನೋಡಿ. ಅದರ ತುದಿಯಲ್ಲಿ ಮಸಿ ಕಟ್ಟಿರುವುದು ಸಾಮಾನ್ಯ.

ಪ್ರಶ್ನೆ ಕೇಳಿದವರು:

ಧನ್ಯವಾದಗಳು ಸರ್. ಬೇರೆ ಕಡೆ ಸ್ಕ್ಯಾನ್ ಮಾಡಿಸಿದೆ. ಕೋಡ್ ಪಿ0299. ಏರಿನಲ್ಲಿ ಇಸಿಯು ಕೇಳಿದ ಒತ್ತಡ 2,100 ಮಿಲಿಬಾರ್, ಸಿಕ್ಕಿದ್ದು 1,450. ರೈಲ್ ಒತ್ತಡ ಮಾತ್ರ ಕೇಳಿದಷ್ಟೇ ಇತ್ತು. ಹಾಗಾದರೆ ಟರ್ಬೊದ್ದೇ ದೋಷವೆಂದಾಯಿತಲ್ಲವೇ?

ಉತ್ತರ:

ಡೀಸೆಲ್ ಕಡೆ ದೋಷವಿಲ್ಲ, ಗಾಳಿ ಸಾಲುತ್ತಿಲ್ಲ ಎಂಬಷ್ಟು ಮಾತ್ರ ಖಚಿತವಾಯಿತು. ಟರ್ಬೊ ಒತ್ತಡ ಕಟ್ಟುತ್ತಿಲ್ಲವೋ, ಕಟ್ಟಿದ್ದು ದಾರಿಯಲ್ಲಿ ಸೋರಿಹೋಗುತ್ತಿದೆಯೋ ಎಂಬುದು ಇನ್ನೂ ಉಳಿದಿದೆ. ನಿಮ್ಮ ಕಪ್ಪು ಹೊಗೆಯನ್ನು ನೋಡಿದರೆ ನನಗೆ ಸೋರಿಕೆಯ ಮೇಲೇ ಅನುಮಾನ. ಒಳಬರುವ ಗಾಳಿಯ ಪ್ರಮಾಣವನ್ನು ಅಳೆಯುವ ಮ್ಯಾಫ್ ಸೆನ್ಸರ್ ಇರುವುದು ಟರ್ಬೊಗಿಂತ ಮೊದಲು. ಅದು ಲೆಕ್ಕ ಹಾಕಿದ ಗಾಳಿಗೆ ತಕ್ಕಂತೆ ಇಸಿಯು ಡೀಸೆಲ್ ಕೊಡುತ್ತದೆ. ಟರ್ಬೊ ದಾಟಿದ ಮೇಲೆ ಆ ಗಾಳಿಯಲ್ಲಿ ಒಂದು ಪಾಲು ಹೊರಗೆ ಹೋದರೆ, ಸಿಲಿಂಡರಿನಲ್ಲಿ ಡೀಸೆಲ್ ಹೆಚ್ಚಾಗಿ, ಸರಿಯಾಗಿ ಉರಿಯದೆ ಮಸಿಯಾಗಿ ಹೊರಬರುತ್ತದೆ. ಮ್ಯಾಫ್ ಸೆನ್ಸರೇ ಕೆಟ್ಟು ಕಡಿಮೆ ತೋರಿಸುತ್ತಿದ್ದರೆ ಡೀಸೆಲ್ ಕೂಡ ಕಡಿಮೆಯಾಗಿ, ಸಾಮಾನ್ಯವಾಗಿ ಹೊಗೆಯಿಲ್ಲದೆಯೇ ಎಳೆತ ಕುಗ್ಗುತ್ತದೆ.

ಟರ್ಬೊದಿಂದ, ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಹೋಸ್‌ಗಳನ್ನು ಇಂಜಿನ್ ತಣ್ಣಗಿರುವಾಗ ಕೈಯಿಂದ ತಡವಿ ನೋಡಿ. ಮೇಲಿನಿಂದ ಕಣ್ಣು ಹಾಯಿಸಿದರೆ ಏನೂ ಕಾಣುವುದಿಲ್ಲ, ಏಕೆಂದರೆ ಬಿರುಕು ಹೆಚ್ಚಾಗಿ ಹೋಸ್‌ನ ತಳಭಾಗದಲ್ಲಿ, ಬಾಗಿನಲ್ಲಿ ಅಥವಾ ಕ್ಲಾಂಪಿನ ಅಂಚಿಗೆ ಹತ್ತಿಕೊಂಡು ಇರುತ್ತದೆ. ಒತ್ತಡವಿಲ್ಲದಾಗ ಅದರ ಎರಡು ತುಟಿಗಳೂ ಮುಚ್ಚಿಕೊಂಡಿರುತ್ತವೆ. ಗಾಳಿಯೊಂದಿಗೆ ಬರುವ ಆಯಿಲ್ ಆವಿ ಮಾತ್ರ ಗುರುತು ಬಿಟ್ಟುಹೋಗುತ್ತದೆ. ಸುತ್ತಲಿನ ರಬ್ಬರೆಲ್ಲ ಧೂಳು ಹಿಡಿದು ಒಣಗಿರುವಾಗ ಒಂದೇ ಜಾಗದಲ್ಲಿ ಜಿಡ್ಡು ತೇವ ಬೆರಳಿಗೆ ಅಂಟಿದರೆ, ಅಲ್ಲಿ ಹೋಸನ್ನು ಬಗ್ಗಿಸಿ ನೋಡಿ. ಕಾಣದಿದ್ದರೆ, ಹೋಸ್‌ಗಳಿಗೆ ಹೊಗೆ ಬಿಟ್ಟು ಸೋರಿಕೆ ಹುಡುಕುವ ಯಂತ್ರವಿರುವ ಕಡೆ ಪರೀಕ್ಷಿಸಿ. ಇಂಟರ್‌ಕೂಲರಿನ ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಂಗೆ ಸೇರುವ ಅಂಚನ್ನೂ ಬಿಡಬೇಡಿ.

ಪ್ರಶ್ನೆ ಕೇಳಿದವರು:

ನೀವು ಹೇಳಿದಂತೆಯೇ ಇಂಟರ್‌ಕೂಲರಿಗೆ ಹೋಗುವ ಹೋಸ್‌ನ ತಳದಲ್ಲಿ ಬೆರಳುದ್ದದ ಸೀಳು ಸಿಕ್ಕಿತು. ಹೋಸ್ ಬದಲಿಸಿದ ಮೇಲೆ ಹೊಗೆ ನಿಂತಿದೆ, ಏರಿನಲ್ಲಿ ಚೆನ್ನಾಗಿ ಎಳೆಯುತ್ತಿದೆ, ದೀಪ ಹತ್ತಿಲ್ಲ. ಆದರೆ 2,000 ಆರ್‌ಪಿಎಂಗಿಂತ ಕೆಳಗೆ ಇನ್ನೂ ಸ್ವಲ್ಪ ಮಂದವೆನಿಸುತ್ತದೆ.

ಉತ್ತರ:

ಬಹಳ ಸಂತೋಷವಾಯಿತು. ಉಳಿದ ಮಂದತೆಗೆ ಟರ್ಬೊ ಒತ್ತಡವನ್ನು ಹೊಂದಿಸುವ ಆಕ್ಚುಯೇಟರನ್ನು ನೋಡಿ. ನಿಮ್ಮದು ವ್ಯಾಕ್ಯೂಮಿನಿಂದ (ಗಾಳಿಯ ಹೀರುವಿಕೆಯಿಂದ) ಕೆಲಸ ಮಾಡುವ, ಒಳಗಿನ ರೆಕ್ಕೆಗಳ ಕೋನ ಬದಲಾಗುವ ವೇರಿಯಬಲ್ ಟರ್ಬೊ ಆಗಿದ್ದರೆ, ಇಂಜಿನ್ ಸ್ಟಾರ್ಟ್ ಆದೊಡನೆ ಆಕ್ಚುಯೇಟರಿನ ಕಡ್ಡಿ ಒಂದೇ ಸಲಕ್ಕೆ ಒಳಗೆ ಸರಿಯಬೇಕು, ಆಫ್ ಮಾಡಿದಾಗ ಎಲ್ಲಿಯೂ ತಡೆಯದೆ ಮರಳಬೇಕು. ಅರ್ಧಕ್ಕೇ ನಿಂತರೆ ಸಣ್ಣ ವ್ಯಾಕ್ಯೂಮ್ ಪೈಪುಗಳಲ್ಲಿ ಬಿರುಕೋ, ಆ ವ್ಯಾಕ್ಯೂಮನ್ನು ನಿಯಂತ್ರಿಸುವ ಸೊಲೆನಾಯ್ಡ್ ದೋಷವೋ ಇರುತ್ತದೆ. ಆಗ ಟರ್ಬೊದೊಳಗಿನ ರೆಕ್ಕೆಗಳು ಪೂರ್ತಿ ಮುಚ್ಚದೆ ಕೆಳಗಿನ ಆರ್‌ಪಿಎಂನಲ್ಲಿ ಒತ್ತಡ ಏರುವುದಿಲ್ಲ. ಹಳೆಯ ಪೈಪುಗಳನ್ನು ಒಂದೊಂದಾಗಿ ಪರೀಕ್ಷಿಸುವುದಕ್ಕಿಂತ ಎಲ್ಲವನ್ನೂ ಬದಲಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಕಡ್ಡಿ ಬಿಗಿಯಾಗಿ, ತಡೆತಡೆದು ಸರಿದರೆ ಒಳಗೆ ಮಸಿ ಕಟ್ಟಿದೆ ಎಂದು ತಿಳಿಯಬೇಕು. ಅದನ್ನು ಬಿಚ್ಚಿ ಶುಚಿ ಮಾಡಬಹುದು. ಹೊರಹೋಗುವ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದಿದ್ದರೂ ಇದೇ ಬಗೆಯ ಮಂದತೆ ಬರುತ್ತದೆ, ಆದರೆ ಜೊತೆಯಲ್ಲಿ ಹೊಗೆಯೂ ಇರುತ್ತದೆ.

ಇನ್ನೊಬ್ಬ ಸದಸ್ಯರು:

ನನ್ನ ಕಾರಿನಲ್ಲಿ ಪಿ0087 ಬರುತ್ತಿದೆ, ಹೊಗೆಯಿಲ್ಲ. ವೇಗದಲ್ಲಿ ಹೋಗುವಾಗ ಥಟ್ಟನೆ ಶಕ್ತಿ ಬಿಟ್ಟುಹೋಗುತ್ತದೆ. ಹೈ ಪ್ರೆಷರ್ ಪಂಪು ಬದಲಿಸಬೇಕೇ?

ಉತ್ತರ:

ಮೊದಲು ಡೀಸೆಲ್ ಫಿಲ್ಟರ್ ಬದಲಿಸಿ, ಅದರ ತಳದ ನೀರನ್ನು ತೆಗೆಯಿರಿ. ಕಟ್ಟಿಕೊಂಡ ಫಿಲ್ಟರ್ ಐಡ್ಲಿಂಗಿಗೆ ಬೇಕಾದ ಡೀಸೆಲನ್ನು ಧಾರಾಳವಾಗಿ ಬಿಡುತ್ತದೆ, ಪೂರ್ತಿ ಭಾರ ಬಿದ್ದಾಗ ಮಾತ್ರ ಸಾಲದಾಗುತ್ತದೆ. ಅನಂತರ ಫಿಲ್ಟರಿನಿಂದ ಪಂಪಿಗೆ ಹೋಗುವ ಜಾಗದಲ್ಲಿ ತಾತ್ಕಾಲಿಕವಾಗಿ ಪಾರದರ್ಶಕ ಪೈಪು ಹಾಕಿಸಿ. ಗುಳ್ಳೆಗಳು ಒಂದೇ ಸಮನೆ ಹರಿದರೆ ಟ್ಯಾಂಕಿನಿಂದ ಬರುವ ದಾರಿಯಲ್ಲಿ ಎಲ್ಲೋ ಗಾಳಿ ಒಳಸೇರುತ್ತಿದೆ. ಇವೆರಡೂ ಸರಿಯಿದ್ದರೆ ಇಂಜೆಕ್ಟರುಗಳ ರಿಟರ್ನ್ ಪರೀಕ್ಷೆ ಮಾಡಿಸಿ: ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪಿಗೆ ಒಂದೊಂದು ಅಳತೆಯ ಬಾಟಲಿ ಜೋಡಿಸಿ ಇಂಜಿನ್ ಓಡಿಸಿದಾಗ ಒಂದು ಬಾಟಲಿ ಉಳಿದವುಗಳಿಗಿಂತ ಬೇಗ ತುಂಬಿದರೆ, ರೈಲ್ ಒತ್ತಡ ಆ ಇಂಜೆಕ್ಟರಿನೊಳಗೇ ಸೋರಿಹೋಗುತ್ತಿದೆ. ಇಂಥ ಗಾಡಿಗಳು ಬಿಸಿಯಾದ ಮೇಲೆ ಸ್ಟಾರ್ಟ್ ಆಗಲು ಸತಾಯಿಸುವುದೂ ಉಂಟು. ಪಂಪಿನ ಮಾತು ಇದೆಲ್ಲ ಮುಗಿದ ಮೇಲೆ.

ಒಂದು ಮಾತನ್ನು ದಯವಿಟ್ಟು ಮರೆಯಬೇಡಿ. ಇಂಜಿನ್ ಓಡುತ್ತಿರುವಾಗ ರೈಲಿನ ಅಥವಾ ಇಂಜೆಕ್ಟರಿನ ಲೋಹದ ಪೈಪುಗಳ ನಟ್ಟನ್ನು ಎಂದಿಗೂ ಸಡಿಲಿಸಬೇಡಿ, ಸೋರಿಕೆ ನೋಡಲು ಅಲ್ಲಿ ಕೈ ಹಿಡಿಯಬೇಡಿ. ಹಳೆಯ ಗಾಡಿಗಳಲ್ಲಿ ಏರ್ ತೆಗೆಯಲು ಹಾಗೆ ಮಾಡುತ್ತಿದ್ದರು; ಕಾಮನ್ ರೈಲಿನಲ್ಲಿ ಭಾರ ಬಿದ್ದಾಗ ಒತ್ತಡ 1,000 ಬಾರ್ ದಾಟುತ್ತದೆ, ಐಡ್ಲಿಂಗಿನಲ್ಲೇ 200 ಬಾರ್ ಮೀರಿರುತ್ತದೆ. ಸೂಜಿಯಷ್ಟು ತೆಳ್ಳಗಿನ ಆ ಧಾರೆ ಚರ್ಮವನ್ನು ತೂರಿ ಒಳಹೊಕ್ಕರೆ, ಗಾಯ ಚಿಕ್ಕದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕಾಗುತ್ತದೆ.