ಸೈನಿಕನ ‘ಕೊಂಬಿ’ಗೆ ಕನ್ನಡದಲ್ಲಿ ಏನನ್ನೋಣ?

ಎರಡನೇ ಮಹಾಯುದ್ಧದ ಲೆನಿನ್‌ಗ್ರಾಡ್ ಮುತ್ತಿಗೆಯ ಕಾಲದ ಒಂದು ನೆನಪಿನ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಕರಡಿನಲ್ಲಿ ಹೀಗೊಂದು ಸಾಲು ಬರೆದಿದ್ದೆ: ‘ಅವನು ಬೂಟಿನೊಳಗಿಂದ ಕಹಳೆ ಎಳೆದು ತೆಗೆದ.’ ಓದಿದ ಗೆಳೆಯ, ‘ಗುಂಡು ಹಾರೋ ಹೊತ್ತಲ್ಲಿ ಇವನು ಊದೋಕೆ ಕೂತನಾ?’ ಅಂದ. ತಪ್ಪು ನನ್ನದೇ. ಮೂಲದಲ್ಲಿ ಇದ್ದದ್ದು ‘ರೊಝೋಕ್’, ಅಂದರೆ ಪುಟ್ಟ ಕೊಂಬು. ದನ ಕಾಯುವವನು ಊದುವ ಕೊಂಬಿಗೂ ರಷ್ಯನ್ನರು ಅದನ್ನೇ ಅನ್ನುತ್ತಾರೆ, ತೋಟೆ (ಕಾಡತೂಸು) ತುಂಬಿ ಬಂದೂಕಿಗೆ ಸಿಕ್ಕಿಸುವ ಬಾಗಿದ ಮ್ಯಾಗಜಿನ್‌ಗೂ ಅದನ್ನೇ ಅನ್ನುತ್ತಾರೆ.

ಸುಮ್ನೆ ಮ್ಯಾಗಜಿನ್ ಅಂತ ಬರೆದು ಮುಂದೆ ಹೋಗಬಹುದಿತ್ತು. ಆದರೆ ‘ಅವನು ಒಂದೇ ಉಸಿರಿಗೆ ಮ್ಯಾಗಜಿನ್ ಮುಗಿಸಿದ’ ಅಂದರೆ ನಮ್ಮವರ ಕಣ್ಣಿಗೆ ವಾರಪತ್ರಿಕೆ ಬರುತ್ತದೆ, ಅಲ್ವಾ? ಪದದ ಬೇರು ಅರಬ್ಬಿಯ ‘ಮಖ್ಜನ್’, ಉಗ್ರಾಣ. 1731ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ತನ್ನನ್ನು ಬರಹಗಳ ಉಗ್ರಾಣ ಅಂತ ಕರೆದುಕೊಂಡ ಮೇಲೆ ಅದು ಪತ್ರಿಕೆಗೂ ಅಂಟಿಕೊಂಡಿತು. ಶ್ರೀರಂಗಪಟ್ಟಣದಲ್ಲಿ ನೋಡುವ ಮದ್ದಿನ ಮನೆ ಹಳೆಯ ಅರ್ಥದ ಮ್ಯಾಗಜಿನ್. ಆದರೆ ಬೂಟಿನೊಳಗೆ ಮದ್ದಿನ ಮನೆ ಇಡೋಕಾಗಲ್ಲ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಈ ಬರಹದಲ್ಲಿ ‘ದೀಸ್ಕ್’ ಬೇರೆ, ‘ರೊಝೋಕ್’ ಬೇರೆ. ಎರಡಕ್ಕೂ ಮ್ಯಾಗಜಿನ್ ಅಂದರೆ ಕಥೆಯ ಅರ್ಧ ಹೋಯಿತು. ಸೋವಿಯತ್ ಸೇನೆಗೆ ಶ್ಪಾಗಿನ್ ಮಾಡಿದ ಪೆಪೆಶಾ-41 ಬಂದೂಕು ಮೊದಲು ಬಂದದ್ದು ದೀಸ್ಕ್ ಜೊತೆ. ದುಂಡನೆ ಡಬ್ಬಿ, 71 ತೋಟೆ ಹಿಡಿಯುತ್ತದೆ. ಫಿನ್ಲೆಂಡಿನವರ ಸುಓಮಿ ಬಂದೂಕಿನ ಡಬ್ಬಿ ನೋಡಿ ಕಲಿತದ್ದು. ಕೇಳೋಕೆ ಚೆನ್ನ. ತುಂಬೋದು ಮಾತ್ರ ಪೀಕಲಾಟ. ಮುಚ್ಚಳ ತೆಗಿ, ಸ್ಪ್ರಿಂಗ್ ತಿರುಗಿಸು, ಸುರುಳಿಯಲ್ಲಿ ಒಂದೊಂದೇ ತೋಟೆ ನಿಲ್ಲಿಸು. ಚಳಿಗೆ ಬೆರಳು ಮರಗಟ್ಟಿದಾಗ ಇದನ್ನು ಮಾಡಬೇಕು! ಅದೂ ಅಲ್ಲದೆ ಡಬ್ಬಿಯನ್ನು ಆಯಾ ಬಂದೂಕಿಗೇ ಹೊಂದಿಸಿ ಕೊಡುತ್ತಿದ್ದರು. ಪಕ್ಕದವನ ಡಬ್ಬಿ ಇಸ್ಕೊಂಡರೆ ಕೂರುತ್ತದೆ ಅನ್ನೋ ಖಾತರಿ ಇಲ್ಲ. ಬಂದೂಕೋ ನಿಮಿಷಕ್ಕೆ ಸುಮಾರು 900ರ ವೇಗದಲ್ಲಿ ಹಾರಿಸುತ್ತದೆ. ಬೆರಳು ಬಿಡದೆ ಒತ್ತಿದರೆ ಐದು ಸೆಕೆಂಡಿಗೆ ಡಬ್ಬಿ ಖಾಲಿ.

ಅದಕ್ಕೇ 1942ರಲ್ಲಿ 35 ತೋಟೆಯ ಕೊಂಬು ಬಂತು. ಬಾಗಿರೋದು ಯಾಕೆ ಅಂದರೆ ತೋಟೆಯ ಬುಡ ದಪ್ಪ, ಮೂತಿ ಸಣ್ಣ. ಲೋಟಗಳನ್ನು ಒಂದರ ಮೇಲೊಂದು ಮಲಗಿಸಿ ನೋಡಿ, ಸಾಲು ತಾನಾಗಿ ಬಾಗುತ್ತದೆ. ಮೊದಲ ಕೊಂಬುಗಳ ತಗಡು ಅರ್ಧ ಮಿಲಿಮೀಟರ್, ಬೇಗ ನಗ್ಗುತ್ತಿತ್ತು. ಆಮೇಲೆ ಒಂದು ಮಿಲಿಮೀಟರ್ ಮಾಡಿದರು. ಮುತ್ತಿಗೆಯೊಳಗಿನ ಲೆನಿನ್‌ಗ್ರಾಡ್‌ನಲ್ಲೇ ತಯಾರಾದ ಸುದಾಯೆವ್‌ನ ಬಂದೂಕಿಗೆ ಡಬ್ಬಿಯೇ ಇಲ್ಲ, ಬರೀ ಕೊಂಬು. ಅದರಲ್ಲಿ ತೋಟೆ ಎರಡು ಸಾಲಿನಿಂದಲೂ ನೇರ ಮೇಲೆ ಬರುತ್ತದೆ, ಹಾಗಾಗಿ ತುಂಬೋದು ಸಲೀಸು. ಪೆಪೆಶಾ ಕೊಂಬಿನಲ್ಲಿ ಎರಡು ಸಾಲು ಬಾಯಿಯ ಹತ್ತಿರ ಇಕ್ಕಟ್ಟಾಗಿ ಒಂದಾಗುತ್ತದೆ, ಕೊನೆಕೊನೆಯ ತೋಟೆಗಳಿಗೆ ಹೆಬ್ಬೆರಳು ನೋಯುತ್ತದೆ. ಬ್ರಿಟಿಷರ ಸ್ಟೆನ್‌ಗನ್ನಿಗೂ ಇದೇ ಕಾಯಿಲೆ. 32 ಹಿಡಿದರೂ ಸಿಕ್ಕಿಕೊಳ್ಳುತ್ತದೆ ಅಂತ ಸೈನಿಕರು ಎರಡು ಮೂರು ಕಮ್ಮಿ ತುಂಬುತ್ತಿದ್ದರು.

ತೋಟೆ ಅನ್ನೋ ಪದ ನನಗೆ ಮಲೆನಾಡಿನ ಮನೆಯಿಂದ ಬಂದದ್ದು. ಅಜ್ಜನ ಹತ್ತಿರ ಜೋಡು ನಳಿಗೆಯ ತೋಟೆ ಕೋವಿ ಇತ್ತು. ಕೇಪಿನ ಕೋವಿ, ತೋಟೆ, ಚರೆ, ಈಡು, ನಳಿಗೆ, ಎಲ್ಲಕ್ಕೂ ಅವರಲ್ಲಿ ಮಾತಿತ್ತು. ಮ್ಯಾಗಜಿನ್‌ಗೆ ಇರಲಿಲ್ಲ. ಎರಡು ಈಡು ಹೊಡೆದು, ಕೋವಿ ಮಡಚಿ ತೆರೆದು, ಮತ್ತೆರಡು ತೋಟೆ ಹಾಕುವವರಿಗೆ ಅದು ಯಾಕೆ ಬೇಕು?

ಸದ್ಯಕ್ಕೆ ದೀಸ್ಕ್‌ಗೆ ‘ತೋಟೆಡಬ್ಬಿ’, ರೊಝೋಕ್‌ಗೆ ‘ತೋಟೆಕೊಂಬು’ ಅಂತ ಇಟ್ಟುಕೊಂಡಿದ್ದೇನೆ. ಮೊದಲ ಸಲ ಪೂರ್ತಿ ಪದ, ಆಮೇಲೆ ಬರೀ ಡಬ್ಬಿ, ಕೊಂಬು. ಹಳೇ ಕೋವಿಗಳ ಕಾಲದಲ್ಲಿ ಮದ್ದನ್ನು ನಿಜವಾದ ಕೊಂಬಿನಲ್ಲೇ ತುಂಬಿಡುತ್ತಿದ್ದದ್ದರಿಂದ ಕಿವಿಗೆ ಪೂರ್ತಿ ಹೊಸದಾಗಲಾರದು. ‘ಗುಂಡುಕೋಶ’ ಅಂತ ಒಬ್ಬರು ಸೂಚಿಸಿದರು. ನನಗೆ ಅದು ಜೀವಶಾಸ್ತ್ರದ ಪಾಠದ ಹಾಗೆ ಕೇಳಿಸಿತು.

ಪೆಪೆಶಾವನ್ನು ಸೈನಿಕರು ಅಕ್ಷರ ತಿರುಚಿ ‘ಪಪಾಶಾ’ ಅನ್ನುತ್ತಿದ್ದರು, ಅಪ್ಪ ಅನ್ನೋದಕ್ಕೆ ಸಲಿಗೆಯ ಮಾತು. ಅದನ್ನು ‘ಅಪ್ಪಯ್ಯ’ ಮಾಡಿದರೆ ಅಕ್ಷರದ ಆಟ ಹೋಗುತ್ತದೆ, ಹಾಗೇ ಬಿಡುತ್ತೇನೆ.

ನಿಜವಾಗಿ ಕೇಳಬೇಕಾದ್ದು ಇದು. ಕೊಂಬಿನ ಬಾಯಲ್ಲಿ ತೋಟೆ ಹಾರಿಹೋಗದಂತೆ ಹಿಡಿಯುವ ಎರಡು ಮಡಿಕೆಗಳಿವೆ. ಇಂಗ್ಲಿಷರೂ ರಷ್ಯನ್ನರೂ ಅದನ್ನು ತುಟಿ ಅಂತಲೇ ಕರೆಯುತ್ತಾರೆ. ‘ತುಟಿ ನಗ್ಗಿ ತೋಟೆ ಸಿಕ್ಕಿಕೊಂಡಿತು’ ಅಂತ ಬರೆದರೆ ಸೈನಿಕನಿಗೇ ಪೆಟ್ಟು ಬಿದ್ದಂತೆ ಓದಿಸಿಕೊಳ್ಳುತ್ತದೆ. ನಮ್ಮಲ್ಲಿ ಮಡಕೆಗೆ ಕಂಠ ಇದೆ, ಗಿಂಡಿಗೆ ಮೂತಿ ಇದೆ. ತಗಡಿನ ಡಬ್ಬಿಯ ಬಾಯಂಚನ್ನು ಒಳಕ್ಕೆ ಮಡಿಸಿದ ಜಾಗಕ್ಕೆ ನಿಮ್ಮ ಕಡೆ ಕಂಚುಗಾರರು, ತಗಡಿನ ಕೆಲಸದವರು ಏನಂತಾರೆ?