ಸಹಾಯ ಬೇಕು: ಬಿಲ್ಲಿನ ಹೊಟ್ಟೆಯಲ್ಲಿ ಅಡ್ಡಗೆರೆ ಬಿದ್ದಿದೆ, ಬೆನ್ನಿನ ಪಟ್ಟಿ ದಪ್ಪವಾಯ್ತಾ?

ಎಲ್ಲರಿಗೂ ನಮಸ್ಕಾರ. ಬೆನ್ನಿಗೆ (ಎಳೆಯುವಾಗ ಗುರಿಯ ಕಡೆ ಇರೋ ಮೈ; ನಮ್ಮ ಕಡೆ ಇರೋದು ಹೊಟ್ಟೆ) ಮರದ ಪಟ್ಟಿ ಅಂಟಿಸಿ ಬಿಲ್ಲು ಮಾಡ್ತಿರೋದು ಇದೇ ಮೊದಲು. (ಹಿಂದೆ ಒಂದೇ ಮರದಲ್ಲಿ ಮಾಡಿದ್ದು ಬೆನ್ನಲ್ಲಿ ಸಿಗಿದು, ಮುರಿದ ತುಂಡು ನನ್ನ ಹಣೆಗೇ ಬಡಿದಿತ್ತು.)

ಹೊಟ್ಟೆಗೆ ಚೆರ್ರಿ ಮರ, ಬೆನ್ನಿಗೆ 5 ಮಿ.ಮೀ. ಹಿಕರಿ ಪಟ್ಟಿ, ಅಂಟು ಎಪಾಕ್ಸಿ. ಉದ್ದ 68 ಇಂಚು, ಹಿಡಿಯ ಹತ್ತಿರ ಅಗಲ 38 ಮಿ.ಮೀ. ಹೆದೆಯನ್ನು 28 ಇಂಚು ಎಳೆದಾಗ ಎಳೆಯೋ ಬಲ 40 ಪೌಂಡ್ ಬರಲಿ ಅಂತ ಲೆಕ್ಕ. ಅಂಟು ಎಲ್ಲೂ ಬಿಟ್ಟಿಲ್ಲ.

ತೊಂದರೆ ಶುರುವಾಗಿದ್ದು 22 ಇಂಚು ಎಳೆದಾಗ. ಬಿಲ್ಲಿನ ಕೆಳತೋಳಿನಲ್ಲಿ (ಹಿಡಿಯ ಕೆಳಗಿನ ಅರ್ಧ), ಹಿಡಿಯಿಂದ ಒಂದು ಗೇಣು ದೂರದಲ್ಲಿ, ಹೊಟ್ಟೆ ಮೇಲೆ ಕೂದಲೆಳೆಯಂಥ ಮೂರು ಅಡ್ಡಗೆರೆ. ಕಣ್ಣಿಗೆ ಸರಿಯಾಗಿ ಕಾಣಲ್ಲ. ದೀಪವನ್ನು ಓರೆಯಾಗಿ ಹಿಡಿದರೆ ಕಾಣುತ್ತೆ, ಉಗುರು ಆಡಿಸಿದರೆ ತಡೆಯುತ್ತೆ. ಹೆದೆ ಇಳಿಸಿದ ಮೇಲೂ ಆ ತೋಳು ಒಂದೂವರೆ ಇಂಚು ಬಾಗಿಯೇ ಉಳಿಯುತ್ತೆ. ಮೇಲ್ತೋಳು ಚೆನ್ನಾಗಿದೆ.

ನನ್ನ ಅನುಮಾನ ಇಷ್ಟು: ಹಿಕರಿ ಹಿಗ್ಗಿಸೋ ಎಳೆತಕ್ಕೆ ಬಲು ಗಟ್ಟಿ, ಚೆರ್ರಿ ಒತ್ತಡಕ್ಕೆ ಅಷ್ಟಿಲ್ಲ. ಬೆನ್ನು ಹಿಗ್ಗಲ್ಲ ಅಂತ ಕೂತರೆ ಕುಗ್ಗಬೇಕಾದ್ದೆಲ್ಲ ಹೊಟ್ಟೆಯೇ. ಜೊತೆಗೆ ಅಲ್ಲಿ ನಾನೇ ಜಾಸ್ತಿ ಕೆರೆದು ತೆಳ್ಳಗೆ ಮಾಡಿಬಿಟ್ಟೆನೋ ಏನೋ, ಬಾಗು ಆ ಜಾಗದಲ್ಲೇ ಗೂಡು ಕಟ್ಟಿದೆ.

ಈಗ ಬೆನ್ನಿನ ಪಟ್ಟಿಯ ಅಂಚುಗಳನ್ನು ಓರೆಯಾಗಿ ಕೆರೆದು ಬೆನ್ನನ್ನು ಹೊಟ್ಟೆಗಿಂತ ಕಿರಿದು ಮಾಡಿದರೆ ಒತ್ತಡ ಇಳಿಯುತ್ತಾ? ಅಥವಾ ಗೆರೆ ಬಿದ್ದ ಜಾಗ ಮುಟ್ಟದೆ ಎರಡೂ ಬದಿಯಲ್ಲಿ ಕೆರೆದು ಬಾಗನ್ನು ಹಂಚಿ, 30 ಪೌಂಡಿಗೆ ತೃಪ್ತಿಪಡಲಾ? ಗೆರೆ ಬಿದ್ದ ಹೊಟ್ಟೆಯನ್ನು ಉಳಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಅಲ್ಲಿಯವರೆಗೆ ಹೆದೆ ಏರಿಸಲ್ಲ.