ಪದಚರ್ಚೆ: ‘ಕಡಿಮೆಯಾದರೆ’ ಮತ್ತು ‘ಕಡಿಮೆ ಇರುವವರಲ್ಲಿ’ – ಕೊಬ್ಬಿನ ಹಾರ್ಮೋನು, ಜೀನು, ಹೃದಯದ ಕಾಯಿಲೆ

ಎಲ್ಲರಿಗೂ ನಮಸ್ಕಾರ,

ಆರೋಗ್ಯದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ನಮ್ಮ ಮೈಯ ಕೊಬ್ಬು ಸುಮ್ನೆ ಕೂತಿರುವ ದಾಸ್ತಾನಲ್ಲ, ಅದು ಹಾರ್ಮೋನುಗಳನ್ನೂ ತಯಾರಿಸುತ್ತದೆ. ಆ ಹಾರ್ಮೋನುಗಳ ಜೀನುಗಳು ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಈ ವ್ಯತ್ಯಾಸಕ್ಕೂ ಹಾರ್ಟ್ ಅಟ್ಯಾಕಿಗೂ ಏನು ನಂಟು ಅನ್ನುವುದು ಲೇಖನದ ವಿಷಯ. ವಿಜ್ಞಾನ ಹೇಗೋ ಅರ್ಥವಾಗುತ್ತದೆ, ಅದನ್ನು ಕನ್ನಡದಲ್ಲಿ ಹೇಳುವಾಗಲೇ ತೊಡಕು. ಇಂಗ್ಲಿಷಿನ ‘ಅಸೋಸಿಯೇಷನ್’ ಅನ್ನುವ ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ.

ಮೊದಲು ಸಂದರ್ಭ ಹೇಳಿಬಿಡುತ್ತೇನೆ. ಅಡಿಪೊನೆಕ್ಟಿನ್ ಅನ್ನುವುದು ಕೊಬ್ಬಿನ ಕೋಶಗಳು ರಕ್ತಕ್ಕೆ ಬಿಡುವ ಹಾರ್ಮೋನು. ಇದರ ನಡವಳಿಕೆ ಸ್ವಲ್ಪ ವಿಚಿತ್ರ. ಮೈಯಲ್ಲಿ ಕೊಬ್ಬು ಹೆಚ್ಚಿದಷ್ಟೂ ಇದು ಕಡಿಮೆಯಾಗುತ್ತದೆ. ಇನ್ನೊಂದು ಹಾರ್ಮೋನು ಲೆಪ್ಟಿನ್ ಕೊಬ್ಬಿನ ಜೊತೆಗೇ ಏರುತ್ತದೆ. 2004ರಲ್ಲಿ ಅಮೆರಿಕದ ಗಂಡಸರ ಮೇಲಿನ ಒಂದು ದೊಡ್ಡ ಅಧ್ಯಯನ ಬಂತು. ರಕ್ತದಲ್ಲಿ ಅಡಿಪೊನೆಕ್ಟಿನ್ ಜಾಸ್ತಿ ಇದ್ದವರಿಗೆ ಮುಂದೆ ಹಾರ್ಟ್ ಅಟ್ಯಾಕ್ ಆದದ್ದು ಕಡಿಮೆ ಅಂತ ಅದರಲ್ಲಿ ಕಂಡಿತು.

ಇದನ್ನು ಪತ್ರಿಕೆಯ ಕನ್ನಡಕ್ಕೆ ತಂದರೆ ಏನಾಗುತ್ತದೆ? ‘ಅಡಿಪೊನೆಕ್ಟಿನ್ ಕಡಿಮೆಯಾದರೆ ಹೃದಯಾಘಾತ!’ ನನ್ನ ತಕರಾರು ಇರುವುದು ಆ ‘-ಆದರೆ’ ಮೇಲೆ. ‘ಮಳೆ ಬಂದರೆ ಕೆರೆ ತುಂಬುತ್ತದೆ’ ಅಂದಾಗ ಮಳೆಯಿಂದಲೇ ಕೆರೆ ತುಂಬಿತು ಅಂತ ಯಾರಾದರೂ ತಿಳಿದುಕೊಳ್ಳುತ್ತಾರೆ. ನಮ್ಮ ಕ್ರಿಯಾಪದದ ಈ ರೂಪ ಕಾರಣವನ್ನು ತನ್ನೊಳಗೇ ಇಟ್ಟುಕೊಂಡು ಬರುತ್ತದೆ. ‘ಕಾರಣ’ ಅನ್ನುವ ಪದ ಬಳಸದೆಯೇ ಕಾರಣ ಹೇಳಿದ ಹಾಗಾಯಿತು, ಅಲ್ವಾ? ಅದರ ಬದಲು ‘ಅಡಿಪೊನೆಕ್ಟಿನ್ ಕಡಿಮೆ ಇರುವವರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿ ಕಾಣುತ್ತದೆ’ ಅಂದರೆ ಜನರನ್ನು ಬಣ್ಣಿಸಿದಂತಾಯಿತೇ ಹೊರತು ಯಾವುದರಿಂದ ಯಾವುದು ಅಂತ ತೀರ್ಪು ಕೊಟ್ಟಂತಾಗಲಿಲ್ಲ.

ಇಷ್ಟೊಂದು ಕೂದಲು ಸೀಳಬೇಕಾ ಅಂತ ಕೇಳಬಹುದು. ಈ ವಿಷಯದಲ್ಲಿ ಬೇಕು. ಯಾಕೆಂದರೆ ಮುಂದೆ ಜೀನುಗಳು ಕಥೆಯನ್ನೇ ತಿರುಗಿಸಿದವು. ಅಡಿಪೊನೆಕ್ಟಿನ್ ಜೀನು 3ನೇ ಕ್ರೋಮೋಸೋಮಿನಲ್ಲಿದೆ. ಜೀನನ್ನು ಅಕ್ಷರಗಳ ಬರಹ ಅಂದುಕೊಳ್ಳಿ; ಅಲ್ಲಿ ಒಂದು ಅಕ್ಷರ ಹೀಗಿದ್ದವರಿಗೆ ಹುಟ್ಟಿನಿಂದಲೇ ಈ ಹಾರ್ಮೋನು ತುಸು ಜಾಸ್ತಿ, ಹಾಗಿದ್ದವರಿಗೆ ತುಸು ಕಡಿಮೆ. ಯಾರಿಗೆ ಯಾವ ಅಕ್ಷರ ಅನ್ನುವುದು ಚೀಟಿ ಎತ್ತಿದ ಹಾಗೆ, ಅಪ್ಪ ಅಮ್ಮನಿಂದ ಬಂದದ್ದು. ಊಟ, ಬೀಡಿ, ಸೋಮಾರಿತನ ಯಾವುದೂ ಅದನ್ನು ಬದಲಿಸುವುದಿಲ್ಲ. ಹಾಗಾಗಿ ಹಾರ್ಮೋನು ನಿಜಕ್ಕೂ ಹೃದಯವನ್ನು ಕಾಯುತ್ತಿದ್ದರೆ, ಜಾಸ್ತಿಯ ಚೀಟಿ ಬಂದವರಲ್ಲಿ ಕಾಯಿಲೆ ಕಡಿಮೆ ಇರಬೇಕು. 2016ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಇದನ್ನೇ ನೋಡಿತು. ಅಂಥ ಲಾಭ ಕಾಣಲಿಲ್ಲ. ಅಂದರೆ ರಕ್ತದ ಮಟ್ಟಕ್ಕೂ ಕಾಯಿಲೆಗೂ ನಂಟು ಉಂಟು, ಆದರೆ ಮಟ್ಟವೇ ಕಾರಣ ಅನ್ನಲು ಪುರಾವೆ ಸಿಗಲಿಲ್ಲ. ಹೊಟ್ಟೆಯ ಬೊಜ್ಜು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದು, ಇವು ಮಟ್ಟವನ್ನೂ ಕಾಯಿಲೆಯನ್ನೂ ಹಿಂದಿನಿಂದ ಎಳೆಯುತ್ತಿರಬಹುದು. ‘ಕಡಿಮೆಯಾದರೆ’ ಅಂತ ಬರೆದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಇದಕ್ಕೆ ತಿರುಗಾಮುರುಗಾ ಉದಾಹರಣೆಯೂ ಇದೆ. ಇದು ಕೊಬ್ಬಿನ ಹಾರ್ಮೋನಲ್ಲ, ಕೊಲೆಸ್ಟೆರಾಲ್ ಕಥೆ. ಪಿಸಿಎಸ್‌ಕೆ9 ಅನ್ನುವ ಜೀನಿನ ಎರಡು ಪ್ರತಿಗಳಲ್ಲಿ ಒಂದು ಹುಟ್ಟಿನಿಂದಲೇ ಕೆಲಸ ಮಾಡದ ಅಮೆರಿಕದ ಕಪ್ಪು ಜನರನ್ನು ಟೆಕ್ಸಾಸಿನ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೋಹೆನ್ ತಂಡ ನೋಡಿತು. ಅವರ ಕೆಟ್ಟ ಕೊಲೆಸ್ಟೆರಾಲ್ ಶೇ 28ರಷ್ಟು ಕಡಿಮೆ, ಹೃದಯದ ಕಾಯಿಲೆ ಶೇ 88ರಷ್ಟು ಕಡಿಮೆ ಅಂತ 2006ರಲ್ಲಿ ಬರೆದರು. ಇಲ್ಲಿ ಹುಟ್ಟಿನ ಚೀಟಿಯೇ ಸಾಕ್ಷಿ ಹೇಳುವುದರಿಂದ ‘ಕೊಲೆಸ್ಟೆರಾಲ್ ಕಡಿಮೆಯಾದರೆ’ ಅಂತ ಧೈರ್ಯವಾಗಿ ಬರೆಯಬಹುದು.

ಈಗ ಪದಕ್ಕೆ ಬರೋಣ. ‘ಅಸೋಸಿಯೇಷನ್’ಗೆ ‘ಸಂಬಂಧ’ ರೂಢಿಯಲ್ಲಿದೆ. ಆದರೆ ಮಾತಿನಲ್ಲಿ ‘ಇದಕ್ಕೂ ಅದಕ್ಕೂ ಸಂಬಂಧ ಇದೆ’ ಅಂದರೆ ಕಾರಣ ಅಂತಲೇ ಕೇಳುತ್ತದೆ. ‘ನಂಟು’ ನನಗೆ ಇಷ್ಟ. ನಂಟರು ಒಟ್ಟಿಗೆ ಓಡಾಡುತ್ತಾರೆ, ಒಬ್ಬರು ಇನ್ನೊಬ್ಬರನ್ನು ಹುಟ್ಟಿಸಿರಬೇಕಾಗಿಲ್ಲ. ‘ಸಹಸಂಬಂಧ’ ಅಂತ ಪಠ್ಯಪುಸ್ತಕದಲ್ಲಿದೆ, ಆದರೆ ಅದು ‘ಕೋರಿಲೇಷನ್’ ಅನ್ನುವ ಇನ್ನೊಂದು ಲೆಕ್ಕದ ಪದ. ಲೇಖನ ಓದುವವರು ಅದನ್ನು ದಾಟಿ ಮುಂದಿನ ಪುಟಕ್ಕೆ ಹೋಗುತ್ತಾರೆ.

ಎರಡನೆಯದು ‘ವೇರಿಯಂಟ್’. ಕೋವಿಡ್ ಕಾಲದಲ್ಲಿ ‘ರೂಪಾಂತರಿ’ ಮನೆಮಾತಾಯಿತು. ಅದರಿಂದಲೇ ಈಗ ಅದನ್ನು ಬಳಸಲು ಹೆದರಿಕೆ. ಏನೋ ಕೆಟ್ಟದ್ದು ಹೊಕ್ಕಿದೆ ಅನ್ನಿಸುತ್ತದೆ. ಅಡಿಪೊನೆಕ್ಟಿನ್ ಜೀನಿನ ವ್ಯತ್ಯಾಸಗಳಾದರೋ ಸಾಮಾನ್ಯ ಜನರಲ್ಲಿ ಹೇರಳವಾಗಿ ಇರುವಂಥವು. ಅದಕ್ಕೆ ನನಗೆ ಹೊಳೆದದ್ದು ‘ಪಾಠಾಂತರ’. ಓಲೆಪ್ರತಿಗಳಲ್ಲಿ ಒಂದೇ ಪದ್ಯಕ್ಕೆ ಎರಡು ಪಾಠ ಇರುತ್ತವೆ, ಎರಡೂ ಓದಲು ಬರುತ್ತವೆ, ಅರ್ಥ ತುಸು ಬೇರೆ. ಲೆಪ್ಟಿನ್ ವಿಷಯದಲ್ಲಿ ಇದರ ಇನ್ನೊಂದು ತುದಿಯೂ ಸಿಗುತ್ತದೆ. ಆ ಹಾರ್ಮೋನಿನ ಜೀನನ್ನು ಅಮೆರಿಕದ ಜೆಫ್ರಿ ಫ್ರೀಡ್‌ಮನ್ ತಂಡ 1994ರಲ್ಲಿ ಪತ್ತೆಹಚ್ಚಿತು. 1997ರಲ್ಲಿ ಬ್ರಿಟನ್ನಿನಲ್ಲಿ ಪಾಕಿಸ್ತಾನ ಮೂಲದ ಮನೆತನದ ಇಬ್ಬರು ಮಕ್ಕಳಲ್ಲಿ ಆ ಜೀನಿನ ಒಂದೇ ಒಂದು ಅಕ್ಷರ ಬಿಟ್ಟುಹೋಗಿರುವುದು ಗೊತ್ತಾಯಿತು. ಲೆಪ್ಟಿನ್ ತಯಾರಾಗದೆ ಮಕ್ಕಳಿಗೆ ತಡೆಯಲಾರದ ಹಸಿವು, ವಿಪರೀತ ಬೊಜ್ಜು. ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಹಸಿವು ಇಳಿಯಿತು. ಇದು ಪಾಠಾಂತರವಲ್ಲ, ನಕಲುಗಾರನ ಕೈತಪ್ಪು, ‘ಅಕ್ಷರಲೋಪ’. ಇಲ್ಲಿ ‘ಕಾರಣ’ ಅನ್ನಲು ಅನುಮಾನವೇ ಬೇಡ. ಹಳೆಯ ಗ್ರಂಥಸಂಪಾದನೆಯ ಈ ಎರಡು ಪದ ಜೀನಿಗೆ ಒಗ್ಗುತ್ತವೆಯಾ? ಅಥವಾ ನನಗೆ ಮಾತ್ರ ಹಾಗನ್ನಿಸುತ್ತಿದೆಯಾ?

ಮೂರನೆಯದು, ಆ ಚೀಟಿಯ ವಿಧಾನದ ಹೆಸರು. ಇಂಗ್ಲಿಷಿನಲ್ಲಿ ‘ಮೆಂಡೇಲಿಯನ್ ರ್‍ಯಾಂಡಮೈಸೇಷನ್’. ‘ಮೆಂಡಲೀಯ ಯಾದೃಚ್ಛಿಕೀಕರಣ’ ಅಂತ ಬರೆದು ನೋಡಿದೆ, ನನಗೇ ಉಚ್ಚರಿಸಲು ಬರಲಿಲ್ಲ. ‘ಹುಟ್ಟುಚೀಟಿ ವಿಧಾನ’ ಅಂದರೆ ತೀರಾ ಹಗುರಾಯಿತೇ?

‘ಕೊಬ್ಬಿನ ಅಂಗಾಂಶ’ಕ್ಕೆ ತಕರಾರಿಲ್ಲ. ‘ಕೊಬ್ಬಿನ ಹಾರ್ಮೋನು’ ಅಂದಾಗ ‘ಅವನಿಗೆ ಕೊಬ್ಬು ಜಾಸ್ತಿ’ ನೆನಪಾಗಿ ನಗು ಬರುತ್ತದೆ, ಬರಲಿ. ‘ಮೇದಸ್ಸು’ ಬೇಡ ಅಂತ ನನ್ನ ಪಕ್ಷ. ‘ನೆಣ’ ಚೆನ್ನಾದ ಹಳೆಯ ಪದ. ನಿಮ್ಮ ಕಡೆ ಅದು ಮನುಷ್ಯರ ಮೈಕೊಬ್ಬಿಗೂ ಸಲ್ಲುತ್ತದಾ, ಇಲ್ಲ ಕುರಿ ಕೋಳಿಗೆ ಮಾತ್ರವಾ? ಬೇರೆ ಬೇರೆ ಜಿಲ್ಲೆಯವರು ಇದಕ್ಕೆ ಉತ್ತರಿಸಿದರೆ ಅನುಕೂಲ. ‘-ಆದರೆ’ ಬಗ್ಗೆ ವ್ಯಾಕರಣ ಬಲ್ಲವರು ನನ್ನ ವಾದ ಸರಿಯೋ ತಪ್ಪೋ ದಯವಿಟ್ಟು ಹೇಳಿ.